ಯುಕುಲೇಲಿಗೊಂದು ಗವಸಣಿಗೆ

ನಮ್ಮ ಮನೆಗೆ ಯುಕುಲೇಲಿ ಬಂದದ್ದು ಹೋದ ವರ್ಷ ಯುಗಾದಿಗೆ. ಮೊಮ್ಮಗಳು ಡಬ್ಬಿ ಬಿಚ್ಚಿದಾಗ "ಇದೇನ ಗಿಟಾರದ ಮರಿ ಏನ?" ಅಂದೆ. "ಅಲ್ಲ ಆಯಿ, ಗಿಟಾರಕ್ಕ ಆರ ತಂತಿ, ಇದಕ್ಕ ನಾಲ್ಕ" ಎಂದು ತಿದ್ದಿದಳು. 1879ರಲ್ಲಿ ಪೋರ್ಚುಗೀಸರ ಮದೀರಾ ದ್ವೀಪದಿಂದ ಹವಾಯಿಯ ಕಬ್ಬಿನ ಹೊಲಕ್ಕೆ ದುಡಿಯಲು ಹೋದವರು ತಮ್ಮ ಪುಟ್ಟ ವಾದ್ಯವನ್ನೂ ಒಯ್ದಿದ್ದರು, ಅದರಿಂದ ಇದು ಹುಟ್ಟಿತು ಎಂದಳು. ಹೆಸರಿಗೆ ಅಲ್ಲಿಯವರು ಜಿಗಿಯುವ ಚಿಗಟ ಅಂತ ಅರ್ಥ ಹೇಳುತ್ತಾರಂತೆ. ಆ ಚಿಗಟ ಈಗ ವಾರಕ್ಕೆರಡು ಸಲ ಚಿಗರಿ ಬಸ್ಸು ಹತ್ತಿ ಧಾರವಾಡದಿಂದ ಹುಬ್ಬಳ್ಳಿಗೆ ಕ್ಲಾಸಿಗೆ ಹೋಗುತ್ತದೆ.

ವಾದ್ಯದ ಜೊತೆ ಬಿಟ್ಟಿ ಒಂದು ಚೀಲ ಬಂದಿತ್ತು. ರೇನ್‌ಕೋಟಿನಂಥ ತೆಳು ಬಟ್ಟೆ, ಒಳಗೆ ಏನೂ ಇಲ್ಲ. ಎರಡನೇ ವಾರವೇ ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ಚೀಲ ಕಂಬಕ್ಕೆ ಬಡಿಯಿತು. ತಂತಿ ಬಿಗಿಯುವ ಒಂದು ಬಿರಡೆ ಸೊಟ್ಟಗಾಯಿತು. ಹುಡುಗಿ ಅಳುತ್ತ ಮನೆಗೆ ಬಂದಳು. ಆಗ ವಾದ್ಯ ಇಡುವ ಕೇಸಿನ ವಿಚಾರ ನಾನೇ ಕೈಗೆತ್ತಿಕೊಂಡೆ. ನನಗೆ ಯುಕುಲೇಲಿ ಬಾರಿಸಲು ಬರುವುದಿಲ್ಲ. ಆದರೆ ನಲವತ್ತು ವರ್ಷ ಮನೆಯಲ್ಲಿ ತಂಬೂರಿ ಕಾಪಾಡಿದವಳು ನಾನು. ನಮ್ಮ ಯಜಮಾನರ ತಂಬೂರಿ ಮೀರಜದ್ದು. ಅದರ ಬುರುಡೆ ಒಂದು ಪೆಟ್ಟು ತಡೆಯುವುದಿಲ್ಲ. ನಮ್ಮತ್ತೆ ಹಳೇ ಸೀರೆ ಮಡಚಿ ಕೌದಿ ಹೊಲಿದಂತೆ ಅದಕ್ಕೆ ಗವಸಣಿಗೆ ಹೊಲಿದಿದ್ದರು. ಬುರುಡೆಯ ಕಡೆ ಎರಡು ಪಟ್ಟು, ಕುತ್ತಿಗೆ ಕಡೆ ಒಂದು ಪಟ್ಟು. ಗದಗದಿಂದ ಧಾರವಾಡಕ್ಕೆ ಮನೆ ಬದಲಿಸುವಾಗ ಲಾರಿಯಲ್ಲಿ ಬಂದರೂ ತಂಬೂರಿಗೆ ಏನೂ ಆಗಲಿಲ್ಲ. ಯುಕುಲೇಲಿಗೂ ಅದೇ ಲೆಕ್ಕ. ಒಳಗಿದ್ದದ್ದು ಅಲುಗಬಾರದು, ಬಡಿಯುವ ಜಾಗಕ್ಕೆ ದಪ್ಪ ಇರಬೇಕು. ಚಂದದ ಮಾತು ಅದಾದ ಮೇಲೆ.

ಮೊದಲು ಅಳತೆ. ಯುಕುಲೇಲಿಯಲ್ಲಿ ನಾಲ್ಕು ಸೈಜು ಸಾಮಾನ್ಯ. ಸೊಪ್ರಾನೊ ಸುಮಾರು 21 ಇಂಚು, ಕಾನ್ಸರ್ಟ್ 23, ಟೆನರ್ 26, ಬ್ಯಾರಿಟೋನ್ 30. ಆದರೆ ಹೆಸರು ಹೇಳಿ ಕೇಸ್ ತಂದರೆ ಮೋಸ ಹೋಗುತ್ತೀರಿ. ಒಬ್ಬರ ಕಾನ್ಸರ್ಟಿಗೂ ಇನ್ನೊಬ್ಬರ ಕಾನ್ಸರ್ಟಿಗೂ ಅರ್ಧ ಇಂಚು, ಒಂದು ಇಂಚು ಹೆಚ್ಚುಕಮ್ಮಿ ಇರುತ್ತದೆ. ಅನಾನಸ್ ಆಕಾರದ್ದಾದರೆ ನಡು ಸಣ್ಣಗಿರುವುದೇ ಇಲ್ಲ, ಮಾಮೂಲಿ ಕೇಸಿನ ಒಳಗಿನ ಕೊರೆತಕ್ಕೆ ಅದು ಕೂಡುವುದಿಲ್ಲ. ನಾನು ಮಾಡಿದ್ದು ಸಾದಾ ಕೆಲಸ. ಹಳೇ ಪೇಪರ್ ಹಾಸಿದೆ, ಯುಕುಲೇಲಿಯನ್ನು ಅದರ ಮೇಲೆ ಅಂಗಾತ ಮಲಗಿಸಿದೆ, ಸುತ್ತ ಪೆನ್ಸಿಲ್ ಎಳೆದೆ. ರವಿಕೆಗೆ ಅಳತೆ ತೆಗೆದ ಹಾಗೆ ಅಗಲವಾದ ಜಾಗ, ನಡು, ತಲೆ ಮೂರನ್ನೂ ಬರೆದುಕೊಂಡೆ. ದಪ್ಪ ಅಳೆಯುವಾಗ ತಂತಿ ಕಟ್ಟಿದ ಬ್ರಿಜ್ಜನ್ನೂ ಸೇರಿಸಿ. ಬುಡಕ್ಕೆ ಬೆಲ್ಟಿನ ಗುಂಡಿ ಇದ್ದರೆ ಅದನ್ನೂ ಉದ್ದದಲ್ಲಿ ಸೇರಿಸಿ. ಆ ಪೇಪರ್ ಕತ್ತರಿಸಿ, ಮಡಚಿ, ಕೈಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ನಕ್ಕ. ನಗಲಿ ಬಿಡಿ. ಅವನು ಮೊದಲು ತೋರಿಸಿದ ಚೀಲದೊಳಗೆ ಪೇಪರ್ ಇಟ್ಟು ನೋಡಿದರೆ ಸುತ್ತ ಎರಡೆರಡು ಬೆರಳು ಸಡಿಲ. ಅದು ಟೆನರ್ ಸೈಜು, ನಮ್ಮದು ಕಾನ್ಸರ್ಟ್.

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಗಿಗ್ ಬ್ಯಾಗ್ ಅನ್ನುವ ಪ್ಯಾಡ್ ಇರುವ ಬಟ್ಟೆ ಚೀಲ, ಹಗುರಾದ ಫೋಮ್ ಕೇಸ್, ಪ್ಲೈವುಡ್ಡಿನ ಹಾರ್ಡ್ ಕೇಸ್. ಮನೆಯಲ್ಲೇ ಬಾರಿಸುವವರಿಗೆ, ಪಕ್ಕದ ಓಣಿಗೆ ಕ್ಲಾಸಿಗೆ ನಡೆದು ಹೋಗುವವರಿಗೆ ಗಿಗ್ ಬ್ಯಾಗ್ ಸಾಕು. ಆದರೆ ಅದರ ಪ್ಯಾಡ್ ನೋಡಿ ತಗೊಳ್ಳಿ. 5 ಮಿಲಿಮೀಟರಿನದು ಧೂಳಿಗೆ ಮಾತ್ರ ಆದೀತು, 10ರಿಂದ 15 ಮಿಲಿಮೀಟರ್ ಇದ್ದರೆ ಪೆಟ್ಟಿಗೂ ಆದೀತು. ಚೀಟಿ ಓದುವುದಕ್ಕಿಂತ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ನೋಡುವುದು ವಾಸಿ. ಬೆರಳಿಗೆ ಬೆರಳು ತಾಕಿದಂತಾದರೆ ಅದು ಬರೀ ಹತ್ತಿಯಂಥದ್ದು, ನಾಲ್ಕು ತಿಂಗಳಲ್ಲಿ ಚಪ್ಪಟೆಯಾಗುತ್ತದೆ. ಒತ್ತಿ ಬಿಟ್ಟ ಕೂಡಲೇ ಎದ್ದು ಬರಬೇಕು. ಬಸ್ಸಿನಲ್ಲಿ ದಿನಾ ತಿರುಗುವ ಮಕ್ಕಳಿಗೆ ನನ್ನ ಓಟು ಫೋಮ್ ಕೇಸಿಗೆ. ಗಟ್ಟಿ, ಆದರೆ ಮಗುವಿನ ಬೆನ್ನಿಗೆ ಭಾರವಿಲ್ಲ. ಹಾರ್ಡ್ ಕೇಸ್ ರೈಲಿಗೆ, ಲಗೇಜಿಗೆ, ದುಬಾರಿ ವಾದ್ಯಕ್ಕೆ ಸರಿ. ಕೆಲವು ಸಲ ಅದು ಯುಕುಲೇಲಿಗಿಂತ ಜಾಸ್ತಿ ತೂಗುತ್ತದೆ. ವಾದ್ಯದ ಬೆಲೆಯ ಕಾಲು ಭಾಗದಷ್ಟನ್ನು ಕೇಸಿಗೆ ಹಾಕಬಹುದು ಅಂತ ನನ್ನ ಲೆಕ್ಕ. ಮೊಮ್ಮಗಳ ಅಪ್ಪನಿಗೆ ಇದು ಜಾಸ್ತಿ ಅನ್ನಿಸಿತು. ಹೊಸ ವಾದ್ಯ ತರುವುದಕ್ಕಿಂತ ಕಡಿಮೆ ಅಲ್ವಾ?

ಯಾವುದೇ ಕೇಸ್ ಇರಲಿ, ಕುತ್ತಿಗೆಯ ಜಾಗ ಮರೆಯಬೇಡಿ. ಒಳಗೆ ಕುತ್ತಿಗೆ ಕೂರಲು ಮೆತ್ತನೆಯ ದಿಂಬಿನಂಥದ್ದು ಇರಬೇಕು. ಭಾರವೆಲ್ಲ ಅದರ ಮೇಲೆ ಮತ್ತು ಹೊಟ್ಟೆಯ ಮೇಲೆ ಬೀಳಬೇಕು. ಬಿರಡೆಗಳಿರುವ ತಲೆ ಮಾತ್ರ ಎಲ್ಲಿಯೂ ತಾಕದೆ ಗಾಳಿಯಲ್ಲಿ ಇರಬೇಕು. ತಲೆ ತಳಕ್ಕೆ ತಾಕಿದರೆ ಕೇಸ್ ಅಂಗಾತ ಬಿದ್ದಾಗ ಪೆಟ್ಟು ನೇರ ತಲೆಗೇ, ಕುತ್ತಿಗೆ ಮುಗಿಯುವ ಜಾಗದಲ್ಲಿ ಸೀಳು ಬಿಡುತ್ತದೆ. ನೋಡುವುದು ಸುಲಭ. ವಾದ್ಯ ಮಲಗಿಸಿ, ತಲೆಯ ಕೆಳಗೆ ಒಂದು ಬೆರಳು ತೂರಿಸಿ. ಸರಾಗವಾಗಿ ಹೋದರೆ ಸರಿ. ಆಮೇಲೆ ಮುಚ್ಚಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ತೆಂಗಿನಕಾಯಿ ನೋಡಿದ ಹಾಗೆ. ಲೊಡಲೊಡ ಅಂದರೆ ಬೇಡ. ಒಂದು ಚೂರು ಸಡಿಲವಿದ್ದರೆ ಹಳೇ ಪಂಚೆಯ ತುಂಡನ್ನು ಸುರುಳಿ ಸುತ್ತಿ ಬದಿಗೆ ಇಡಬಹುದು. ಬ್ರಿಜ್ಜಿನ ಮೇಲೆ ಮಾತ್ರ ಏನನ್ನೂ ಒತ್ತಿ ಇಡಬೇಡಿ.

ಝಿಪ್ಪಿಗೆ ಎರಡು ರನ್ನರ್ ಇರಲಿ. ಒಳಗಡೆ ಝಿಪ್ಪಿನ ಹಲ್ಲು ಮುಚ್ಚುವ ಪಟ್ಟಿ ಇರಲಿ, ಇಲ್ಲದಿದ್ದರೆ ತೆಗೆದಿಟ್ಟಾಗೆಲ್ಲ ಪಾಲಿಶಿಗೆ ಗೀರು. ಬಿಗಿಯಾದ ಝಿಪ್ಪಿಗೆ ಮೇಣದಬತ್ತಿ ಉಜ್ಜಿ, ಎಣ್ಣೆ ಹಾಕಬೇಡಿ, ಧೂಳು ಹಿಡಿಯುತ್ತದೆ. ಹೆಗಲಪಟ್ಟಿಯ ಬುಡದಲ್ಲಿ ಹೊಲಿಗೆ ಚೌಕ ಹಾಕಿ ನಡುವೆ ಅಡ್ಡಗೀಟು ಹೊಡೆದಿರಬೇಕು. ಬರೀ ಒಂದು ಗೆರೆ ಇದ್ದರೆ ತಂದ ದಿನವೇ ಚಪ್ಪಲಿ ಹೊಲಿಯುವವರ ಹತ್ತಿರ ಎರಡು ಸಲ ಹೊಲಿಸಿಬಿಡಿ.

ಇನ್ನು ನಮ್ಮ ಊರಿನ ಹವೆ. ಧಾರವಾಡದ ಜಿಟಿಜಿಟಿ ಮಳೆ ಜೂನಿನಲ್ಲಿ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ನೀರು ತಡೆಯುವ ಬಟ್ಟೆ ಅಂದರೂ ಝಿಪ್ಪಿನ ಸಂದಿಯಿಂದ ನೀರು ಇಳಿಯುತ್ತದೆ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಬೇಕೇ ಬೇಕು. ಒದ್ದೆ ಕೇಸಿನಲ್ಲಿ ವಾದ್ಯ ಬಿಟ್ಟು ಮಲಗಬೇಡಿ. ಹೊರಗೆ ತೆಗೆದು, ಒರೆಸಿ, ಕೇಸನ್ನು ಫ್ಯಾನಿನ ಕೆಳಗೆ ಬಾಯಿ ತೆರೆದು ಇಡಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಬಹುದು. ಡಾಂಬರ ಗುಳಿಗೆ ಬೇಡ, ಅದರ ಆವಿ ಪ್ಲಾಸ್ಟಿಕ್ಕಿಗೂ ಪಾಲಿಶಿಗೂ ಆಗಿಬರುವುದಿಲ್ಲ. ಮಾರ್ಚಿ ಬಂತೆಂದರೆ ಸಿಲಿಕಾ ಪೊಟ್ಟಣ ಹೊರಗೆ ತೆಗೆಯಿರಿ, ಆಗ ತೊಂದರೆ ಒಣಹವೆಯದು. ಪ್ಲೈ ಮರದ ಅಗ್ಗದ ವಾದ್ಯಕ್ಕೆ ಅಷ್ಟೇನೂ ಆಗುವುದಿಲ್ಲ. ಒಂದೇ ಹಲಗೆಯ ಮರದ್ದಾದರೆ ಒಣಗಿ ಬಿರುಕು ಬಿಡುತ್ತದೆ. ಗಾಳಿಯ ತೇವ ಶೇಕಡ 45ರಿಂದ 55 ಇದ್ದರೆ ಅದಕ್ಕೆ ಹಿತ. ಅಂಥ ವಾದ್ಯ ಇದ್ದವರು ಕೇಸಿನಲ್ಲೇ ಇಡುವ ಪುಟ್ಟ ತೇವಮಾಪಕ ಕೊಳ್ಳಬಹುದು. ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ಯಾವ ವಾದ್ಯವನ್ನೂ ಬಿಡಬೇಡಿ, ಅಂಟು ಮೆತ್ತಗಾಗಿ ಬ್ರಿಜ್ ಎದ್ದು ಬರುತ್ತದೆ. ಕರಿ ಕೇಸ್ ಬಿಸಿಲಿಗೆ ಬೇಗ ಕಾಯುತ್ತದೆ, ಅದಕ್ಕೇ ನಾನು ತಿಳಿ ಬಣ್ಣದ್ದು ಆರಿಸಿದೆ.

ಮೊಮ್ಮಗಳಿಗೆ ಆ ಬೂದು ಬಣ್ಣ ಹಿಡಿಸಲಿಲ್ಲ. "ಆಯಿ, ಇದು ಟಿಫಿನ್ ಡಬ್ಬಿ ಚೀಲ ಇದ್ದಂಗ ಐತಿ" ಅಂದಳು. ಹೂ, ನಕ್ಷತ್ರ ಅಚ್ಚು ಹಾಕಿದ ಕೇಸುಗಳನ್ನು ತೋರಿಸಿದಳು. ನೋಡಿದರೆ ಪ್ಯಾಡ್ ತೆಳು. ಅದಕ್ಕೆ ನಾನು ಮೇಲುಗವಸು ಹೊಲಿದೆ. ಗುಳೇದಗುಡ್ಡದ ಖಣ ಮನೆಯಲ್ಲಿ ಉಡಿ ತುಂಬಿದ್ದು ಎಷ್ಟು ಬಿದ್ದಿರುತ್ತವೆ! 23 ಇಂಚಿನ ವಾದ್ಯದ ಕೇಸಿಗೆ ಎರಡು ಖಣ ಹಿಡಿದವು. ಹೊಲಿಯುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಖಣವನ್ನು ಉಜ್ಜಿ ನೋಡಿ. ನನ್ನ ಕೆಂಪು ಖಣ ಗುಲಾಬಿ ಬಣ್ಣ ಬಿಟ್ಟಿತು. ಮೂರು ನೀರಿನಲ್ಲಿ ತೊಳೆದ ಮೇಲೆಯೇ ನಿಂತಿತು. ಹಾಗೇ ಹೊಲಿದಿದ್ದರೆ ಮೊದಲ ಮಳೆಗೇ ಕೇಸೂ ಕೆಂಪು, ಅವಳ ಯೂನಿಫಾರ್ಮೂ ಕೆಂಪು. ಕನ್ನಡಿ, ಮಣಿ, ಗುಂಡಿ ಏನಿದ್ದರೂ ಹೊರಗಿನ ಗವಸಿಗೆ ಮಾತ್ರ. ಒಳಗೆ ವಾದ್ಯಕ್ಕೆ ತಾಕುವಲ್ಲಿ ಮೆತ್ತನೆಯ ಬಟ್ಟೆ ಬಿಟ್ಟು ಬೇರೇನೂ ಬೇಡ, ರೆಗ್ಝಿನ್ ಅಂತೂ ಬೇಡವೇ ಬೇಡ, ಬಹಳ ದಿನ ತಾಕಿದರೆ ಕೆಲವು ಪಾಲಿಶಿಗೆ ಅಂಟಿಕೊಳ್ಳುತ್ತದೆ.

ಮುಂದಿನ ಜೇಬಿನ ಮೇಲೆ ಕಸೂತಿಯಲ್ಲಿ ಒಂದು ತೇರು ತೆಗೆಯುತ್ತಿದ್ದೇನೆ. ಕಸೂತಿಗೆ ಗಂಟು ಹಾಕುವುದಿಲ್ಲ, ಹಾಗಾಗಿ ಒಳಗಡೆಯೂ ಎಲ್ಲೂ ಚುಚ್ಚುವುದಿಲ್ಲ. ಆ ಜೇಬಿನಲ್ಲಿ ಒಂದು ಜೊತೆ ತಂತಿ, ಶ್ರುತಿ ನೋಡುವ ಟ್ಯೂನರ್, ಒರೆಸುವ ಬಟ್ಟೆ ಇಷ್ಟೇ ಇರಲಿ ಅಂತ ಹೇಳಿದ್ದೆ. ಮೊನ್ನೆ ತೆಗೆದರೆ ಅರ್ಧ ತಿಂದ ಫೇಡೆ, ಅದರ ಹಿಂದೆ ಇರುವೆಯ ಸಾಲು ಝಿಪ್ಪಿನಗುಂಟ ಒಳಗೆ ಹೊರಟಿತ್ತು. ತೇರಿನ ಕಳಸ ಇನ್ನೂ ಬಾಕಿ ಇದೆ. ಮೊದಲು ಗವಸು ಬಿಚ್ಚಿ ಒಗೆಯಬೇಕು.