ನೆಟ್ ಕಾಲ್ ಮಾಡುವವರು ವಾಟ್ಸಾಪಿಗೆ ಪಿನ್ ಇಟ್ಟುಬಿಡಿ

ವಾಟ್ಸಾಪಿನಲ್ಲಿ ಸೆಟ್ಟಿಂಗ್ಸ್, ಅಕೌಂಟ್, ಟು-ಸ್ಟೆಪ್ ವೆರಿಫಿಕೇಶನ್ ಅಂತ ಹೋಗಿ 6 ಅಂಕಿಯ ಪಿನ್ ಇಡಿ. ಅಲ್ಲೇ ಇಮೇಲ್ ಕೇಳುತ್ತದೆ, ಅದನ್ನೂ ಕೊಡಿ, ಸುಮ್ನೆ ಸ್ಕಿಪ್ ಒತ್ತಬೇಡಿ. ಕುವೈತಿನಲ್ಲಿರುವ ಮಕ್ಕಳ ಜೊತೆ ನಮ್ಮ ಮಾತೆಲ್ಲ ಇದರಲ್ಲೇ ಅಲ್ವಾ, ಆದರೆ ಖಾತೆ ನಿಂತಿರುವುದು ಬರೀ ಫೋನ್ ನಂಬರಿನ ಮೇಲೆ. ಎಸ್ಸೆಮ್ಮೆಸ್ಸಿನಲ್ಲಿ ಬಂದ ಕೋಡನ್ನು ಯಾರಾದರೂ ನಯವಾಗಿ ಕೇಳಿ ಪಡೆದರೆ ಖಾತೆ ಅವರ ಕೈಗೆ ಹೋಯಿತು. ಪಿನ್ ಇದ್ದರೆ ಕೋಡ್ ಸಿಕ್ಕಿದರೂ ಹೊರಗೇ ನಿಲ್ಲಬೇಕು. ಹುಟ್ಟಿದ ತಾರೀಕು ಇಡಬೇಡಿ, 671121 ಅಂತೂ ಬೇಡವೇ ಬೇಡ. ಕಾಸರಗೋಡಿನ ಅರ್ಧ ಮಂದಿ ಅಂಚೆಯ ಪಿನ್‌ಕೋಡನ್ನೇ ಇಟ್ಟಿರುತ್ತಾರೆ ಅಂತ ನನ್ನ ಗುಮಾನಿ! ಮರೆತುಹೋಗುವ ಹೆದರಿಕೆ ಜಾಸ್ತಿ ಬೇಡ, ಆಗಾಗ ವಾಟ್ಸಾಪೇ ಕೇಳಿ ನೆನಪಿಸುತ್ತದೆ.

ಈ ಪಿನ್ ಕೈಕೊಡುವುದು ಗಲ್ಫಿನ ಸಿಮ್ ಬಿಟ್ಟು ಊರಿಗೆ ಬಂದವರಿಗೆ. ಆ ನಂಬರ್ ಮುಂದೆ ಬೇರೆಯವರಿಗೆ ಹೋದರೆ, ಅವರು ಪಿನ್ ಗೊತ್ತಿಲ್ಲದಿದ್ದರೂ 7 ದಿನ ಕಾದು ರೀಸೆಟ್ ಮಾಡಿಕೊಳ್ಳಬಹುದು. ಹಾಗಾಗಿ ಕುಂಬಳೆಗೋ ಬದಿಯಡ್ಕಕ್ಕೋ ಬಂದು ಹೊಸ ಸಿಮ್ ಹಾಕಿದ ದಿನವೇ, ಹಳೆಯದು ನಡೆಯುತ್ತಿರುವಾಗಲೇ, ಅದೇ ಅಕೌಂಟ್ ಪುಟದಲ್ಲಿ 'ಚೇಂಜ್ ನಂಬರ್' ಮಾಡಿ. ಗ್ರೂಪುಗಳೆಲ್ಲ ಹಾಗೇ ಉಳಿಯುತ್ತವೆ. ಇನ್ನೊಂದು, ಕ್ಯೂಆರ್ ಸ್ಕ್ಯಾನ್ ಮಾಡಿ ಜೋಡಿಸಿದ ಕಂಪ್ಯೂಟರಿಗೆ ಪಿನ್ ಅಡ್ಡ ಬರುವುದಿಲ್ಲ. ಪ್ರಿಂಟ್ ತೆಗೆಸಲು ಅಂಗಡಿಯಲ್ಲಿ ವಾಟ್ಸಾಪ್ ತೆರೆದಿದ್ದರೆ 'ಲಿಂಕ್ಡ್ ಡಿವೈಸಸ್' ನೋಡಿ, ಗುರುತಿಲ್ಲದ್ದನ್ನು ಈಗಲೇ ಲಾಗ್ ಔಟ್ ಮಾಡಿ.