ಅಟ್ಟದ ಮೇಲಿದ್ದ ಕ್ಯಾಸೆಟ್‌ಗಳನ್ನು ಮಾರಿದ್ದು ಹೀಗೆ

ಚಿಕ್ಕಪ್ಪ ವಿಡಿಯೊ ಲೈಬ್ರರಿ ಮುಚ್ಚಿದಾಗ ಉಳಿದ ಸಿನಿಮಾಗಳೆಲ್ಲ ಆರು ಪೆಟ್ಟಿಗೆ ತುಂಬಿ ಅಟ್ಟ ಸೇರಿದ್ದವು. ಬಹುಪಾಲು ವಿಎಚ್‌ಎಸ್ ಕ್ಯಾಸೆಟ್, ಒಂದಿಷ್ಟು ವಿಸಿಡಿ, ತಳದಲ್ಲಿ ಹದಿನಾಲ್ಕು ಲೇಸರ್ ಡಿಸ್ಕ್. "ಸುಮ್ನೆ ತೂಕಕ್ಕೆ ಹಾಕು, ಜಾಗನಾದ್ರೂ ಆಗುತ್ತೆ" ಅಂದರು. ನಾನು ಹಾಕಲಿಲ್ಲ. ದುಡ್ಡಿನ ಆಸೆ, ಇನ್ನೇನು. ಇಂಥದ್ದೇ ಒಂದು ಕ್ಯಾಸೆಟ್‌ಗೆ ಯಾರೋ ಕಾರಿನ ಬೆಲೆ ಹಾಕಿದ್ದನ್ನು ಆನ್‌ಲೈನ್ ಮಾರಾಟದ ತಾಣ ಇಬೇಯಲ್ಲಿ ನೋಡಿದ್ದೆ.

ಆ ಆಸೆ ಇಳಿಯೋಕೆ ಒಂದು ವಾರ ಸಾಕಾಯಿತು. ಹೇಳುವ ಬೆಲೆ ಬೇರೆ, ಹೋಗುವ ಬೆಲೆ ಬೇರೆ. ಬೆನ್ನಿನ ಮೇಲೆ ಕಪ್ಪು ವಜ್ರದ ಗುರುತಿರುವ ಡಿಸ್ನಿಯ 'ಬ್ಲ್ಯಾಕ್ ಡೈಮಂಡ್' ಕ್ಯಾಸೆಟ್‌ಗಳನ್ನೇ ನೋಡಿ. ಕೇಳುವವರು ಸಾವಿರ ಸಾವಿರ ಡಾಲರ್ ಕೇಳುತ್ತಾರೆ. ಅದೇ ಪುಟದಲ್ಲಿ ಮಾರಾಟವಾದವು ಮಾತ್ರ ತೋರಿಸು ಅಂತ ಫಿಲ್ಟರ್ ಹಾಕಿದರೆ ಹೆಚ್ಚಿನವು ಪುಡಿಗಾಸಿಗೆ ಹೋಗಿರುತ್ತವೆ. ಲಕ್ಷಗಟ್ಟಲೆ ಅಚ್ಚಾದ ಮಾಲು ಅಪರೂಪದ್ದು ಹೇಗಾದೀತು? ಅವತ್ತಿನಿಂದ ಆ ಫಿಲ್ಟರ್ ಹಾಕದೆ ನಾನು ಯಾವುದಕ್ಕೂ ಬೆಲೆ ಕಟ್ಟಿಲ್ಲ.

ಹಾಗಾದರೆ ಯಾವುದು ಹೋಗುತ್ತೆ? ದೊಡ್ಡ ಹಿಟ್ ಸಿನಿಮಾ ಅಲ್ಲ, ಅದು ಎಲ್ಲ ಕಡೆ ಸಿಗುತ್ತೆ. ಡಿವಿಡಿಗೂ ಬರದ, ಸ್ಟ್ರೀಮಿಂಗ್‌ಗೂ ಬರದ ಸಣ್ಣ ಸಿನಿಮಾ ಹೋಗುತ್ತೆ. ಹಾರರ್‌ಗೆ ಅದರದೇ ಗಿರಾಕಿಗಳಿದ್ದಾರೆ. ಅವರಿಗೆ ಸಿನಿಮಾದಷ್ಟೇ ಮುಖ್ಯ ಮೇಲಿನ ಕವರ್‌ನ ಚಿತ್ರ. ನಾನು ಮೊದಮೊದಲು ಲೈಬ್ರರಿ ಸ್ಟಿಕರ್‌ಗಳನ್ನು ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ ನಾಜೂಕಾಗಿ ತೆಗೆಯುತ್ತಿದ್ದೆ. ಆಮೇಲೆ ಒಬ್ಬರು "ಸ್ಟಿಕರ್ ಇರೋದೇ ಕೊಡಿ" ಅಂತ ಕೇಳಿದ ಮೇಲೆ ಆ ಕೆಲಸ ಬಿಟ್ಟೆ. ವಿಸಿಡಿ ಮಾತ್ರ ಕಷ್ಟ. ಅದರ ಚಿತ್ರ 352×288 ಪಿಕ್ಸೆಲ್, ಒಂದು ಡಿಸ್ಕ್‌ಗೆ ಹಿಡಿಯೋದು ಸುಮಾರು 74 ನಿಮಿಷ. ಹಾಗಾಗಿ ಒಂದು ಸಿನಿಮಾ ಅಂದರೆ ಎರಡೋ ಮೂರೋ ಡಿಸ್ಕ್. ಎರಡನೆಯದು ಕಳೆದಿದ್ದರೆ ಮೊದಲನೆಯದನ್ನು ಯಾರೂ ಮುಟ್ಟಲ್ಲ.

ನನ್ನ ಮೊದಲ ಪಾರ್ಸೆಲ್ಲೇ ಎಡವಟ್ಟಾಯಿತು. ಕವರ್ ಹೊಳೀತಿತ್ತು, 'ಚೆನ್ನಾಗಿದೆ' ಅಂತ ಬರೆದು ಕಳಿಸಿದೆ. ನಾಲ್ಕು ದಿನಕ್ಕೆ ಕೊಂಡವರ ಸಂದೇಶ ಬಂತು: ಟೇಪಿಗೆ ಬೂಷ್ಟು ಹಿಡಿದಿದೆ, ಅವರ ವಿಸಿಆರ್‌ನಲ್ಲಿ ಟೇಪು ಓದುವ ಹೆಡ್‌ಗೂ ಮೆತ್ತಿಕೊಂಡಿದೆ, ಈಗ ಯಾವ ಕ್ಯಾಸೆಟ್ ಹಾಕಿದರೂ ಬರೀ ಗೆರೆ. ದುಡ್ಡು ವಾಪಸ್ ಕೊಟ್ಟೆ, ಹೆಡ್ ಕ್ಲೀನ್ ಮಾಡಿಸಿದ ಖರ್ಚೂ ಕೊಟ್ಟೆ. ಅವರು ಬೈದಿದ್ದರಲ್ಲಿ ತಪ್ಪಿಲ್ಲ. ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿಯೇ 2016ರ ಜುಲೈನಲ್ಲಿ ನಿಲ್ಲಿಸಿತು. ಹೊಸ ಮೆಷಿನ್ ಸಿಗಲ್ಲ. ಇರೋದನ್ನು ಜನ ಮಗು ಥರ ನೋಡಿಕೊಳ್ಳುತ್ತಾರೆ, ನಾನು ಅದರ ಬಾಯಿಗೆ ಬೂಷ್ಟು ಹಾಕಿದ್ದೆ.

ಅಲ್ಲಿಂದ ಮುಂದೆ ಪ್ರತಿ ಕ್ಯಾಸೆಟ್ಟನ್ನೂ ಬೆಳಕಿಗೆ ಹಿಡಿದು ನೋಡೋದೇ ಮೊದಲ ಕೆಲಸ. ಮೇಲಿನ ಕಿಟಕಿಯಿಂದ ಸುತ್ತಿದ ಟೇಪಿನ ಅಂಚು ಕಾಣುತ್ತೆ. ಅದು ಕಪ್ಪಗೆ, ನಯವಾಗಿ ಇರಬೇಕು. ಹಿಟ್ಟು ಉದುರಿಸಿದ ಹಾಗೆ ಬಿಳಿ ಚುಕ್ಕೆ, ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಮೆಷಿನ್ ಹತ್ತಿರ ತರಬಾರದು. ಪಕ್ಕದ ಪುಟ್ಟ ಗುಂಡಿ ಒತ್ತಿದರೆ ಮುಂದಿನ ಮುಚ್ಚಳ ಏಳುತ್ತೆ, ಅಲ್ಲಿ ಟೇಪು ಸುಕ್ಕಾಗಿದೆಯಾ ನೋಡಿಕೊಳ್ಳಬಹುದು. ಇಷ್ಟು ದಾಟಿದ್ದನ್ನು ಮಾತ್ರ ವಿಸಿಆರ್‌ಗೆ ಹಾಕುತ್ತಿದ್ದೆ. ಅದರಲ್ಲೂ ಎರಡು ಇಟ್ಟುಕೊಂಡಿದ್ದೆ: ಅನುಮಾನ ಬಂದವಕ್ಕೆ ಒಂದು ಹಳೇ ಡಬ್ಬಾ, ಉಳಿದವಕ್ಕೆ ಒಳ್ಳೆಯದು. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಟೇಪು ಪದರ ಪದರಕ್ಕೆ ಅಂಟಿರುತ್ತೆ, ಅದಕ್ಕೆ ಪ್ಲೇ ಒತ್ತುವ ಮುಂಚೆ ಒಮ್ಮೆ ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತುತ್ತಿದ್ದೆ. ಆಮೇಲೆ ಶುರು, ನಡು, ಕೊನೆ ಐದೈದು ನಿಮಿಷ ನೋಡಿ, ಎಲ್ಲಿ ಗೆರೆ ಬರುತ್ತೆ ಅಂತ ನಿಮಿಷದ ಸಮೇತ ಬರೆದಿಟ್ಟುಕೊಳ್ಳುತ್ತಿದ್ದೆ.

ಟೇಪು ಚೆನ್ನಾಗಿದ್ದು ಮೇಲಿನ ಡಬ್ಬಿ ಮಾತ್ರ ಒಡೆದಿದ್ದರೆ ಅದನ್ನು ಇನ್ನೊಂದು ಡಬ್ಬಿಗೆ ಹಾಕಬಹುದು. ಕೆಳಗಡೆ ಐದು ಸ್ಕ್ರೂ ಇರುತ್ತವೆ. ಮೊದಲ ಸಲ ಬಿಚ್ಚಿದಾಗ ಫೋಟೊ ತೆಗೆದುಕೊಳ್ಳದೆ ಬಿಚ್ಚಿದೆ. ಟೇಪು ದಾಟಿ ಹೋಗುವ ಪುಟ್ಟ ರೋಲರ್ ಒಂದು ಜಾರಿ ಮಂಚದ ಕೆಳಗೆ ಉರುಳಿ ಹೋಯಿತು. ಅರ್ಧ ರಾತ್ರಿ ಟಾರ್ಚ್ ಹಿಡಿದು ಹುಡುಕಿದ್ದೇನೆ.

ಲೇಸರ್ ಡಿಸ್ಕ್ ಕಥೆಯೇ ಬೇರೆ. ಸುಮಾರು 30 ಸೆಂಟಿಮೀಟರ್ ಅಗಲದ ತಟ್ಟೆ, ಎರಡು ಭಾಗ ಅಂಟಿಸಿ ಮಾಡಿದ್ದು. ಆ ಅಂಟು ಸರಿಯಿಲ್ಲದಿದ್ದರೆ ಒಳಗಿನ ಅಲ್ಯೂಮಿನಿಯಂಗೆ ಗಾಳಿ ತಾಗಿ ಕೆಡುತ್ತೆ. ಆಗ ತೆರೆ ಮೇಲೆ ಬಣ್ಣದ ಚುಕ್ಕೆಗಳು ಮಿಣಮಿಣ ಅನ್ನುತ್ತವೆ. ಬರಿಗಣ್ಣಿಗೆ ಎಷ್ಟೋ ಸಲ ಇದು ಗೊತ್ತಾಗಲ್ಲ. ಪಯೋನಿಯರ್ ಕಂಪನಿ ಲೇಸರ್ ಡಿಸ್ಕ್ ಪ್ಲೇಯರ್ ಮಾಡೋದನ್ನು ನಿಲ್ಲಿಸಿದ್ದು 2009ರಲ್ಲಿ, ನನ್ನ ಹತ್ತಿರ ಅದು ಯಾವತ್ತೂ ಇರಲಿಲ್ಲ. 'ಓಡಿಸಿ ನೋಡಿಲ್ಲ' ಅಂತ ಮೊದಲ ಸಾಲಿನಲ್ಲೇ ಬರೆದು, ಬೇರೆಯವರ ಬೆಲೆಯ ಅರ್ಧಕ್ಕೆ ಇಟ್ಟೆ. ಹದಿನಾಲ್ಕೂ ಒಬ್ಬರೇ ತಗೊಂಡರು. ಮೂರು ಕೆಟ್ಟಿದ್ದವಂತೆ. ಅವರು ಗೊಣಗಲಿಲ್ಲ, ಗೊತ್ತಿದ್ದೇ ತಗೊಂಡಿದ್ದರಲ್ವಾ.

ದೂರದ ದೇಶಕ್ಕೆ ಕಳಿಸುವಾಗ ಕ್ಯಾಸೆಟ್ ಯಾವ ಟಿವಿ ಪದ್ಧತಿಯದು, ಪಾಲ್ (PAL) ಇದೆಯಾ, ಎನ್‌ಟಿಎಸ್‌ಸಿ (NTSC) ಇದೆಯಾ ಅಂತ ಬರೆಯಲೇಬೇಕು. ಇದನ್ನೂ ಪೆಟ್ಟು ತಿಂದೇ ಕಲಿತೆ. ಮೆಷಿನ್ ಒಂದು ಪದ್ಧತಿಯದು, ಕ್ಯಾಸೆಟ್ ಇನ್ನೊಂದರದು ಆದರೆ ಚಿತ್ರ ಕಪ್ಪುಬಿಳುಪಾಗಿಯೋ ಉರುಳುತ್ತಲೋ ಬರುತ್ತೆ. ಪ್ಯಾಕ್ ಮಾಡುವಾಗ ಟೇಪನ್ನು ಪೂರ್ತಿ ಒಂದೇ ಕಡೆಗೆ ಸುತ್ತಿರಬೇಕು. ಲೇಸರ್ ಡಿಸ್ಕನ್ನು ಕವರಿನಿಂದ ಹೊರಗೆ ತೆಗೆದು, ಒಳಚೀಲದ ಸಮೇತ ಕವರಿನ ಹಿಂದೆ ಇಟ್ಟು ಕಟ್ಟಬೇಕು. ಒಳಗೇ ಬಿಟ್ಟರೆ ದಾರಿಯಲ್ಲಿ ಅಲ್ಲಾಡಿ ಕವರಿನ ಅಂಚನ್ನು ಸೀಳಿಬಿಡುತ್ತೆ.

ಒಂದು ಪೆಟ್ಟಿಗೆ ಪೂರ್ತಿ ಮಾರದೆ ಎಸೆದೆ. ಖಾಲಿ ಕ್ಯಾಸೆಟ್‌ಗೆ ಇಳಿಸಿ, ಕೈಯಲ್ಲಿ ಹೆಸರು ಬರೆದ ಕಾಪಿಗಳು ಅವು. ಅಸಲಿ ಕ್ಯಾಸೆಟ್ ಕೊಂಡವರು ಅದನ್ನು ಮಾರೋದು ಬೇರೆ, ಕಾಪಿ ಮಾಡಿ ಮಾರೋದು ಬೇರೆ. ಚಿಕ್ಕಪ್ಪನಿಗೆ ಸ್ವಲ್ಪ ಕಸಿವಿಸಿಯಾಯಿತು, ಆದರೆ ಏನೂ ಅನ್ನಲಿಲ್ಲ.

ಈಗ ಅಟ್ಟದಲ್ಲಿ ಉಳಿದಿರೋದು ಒಂದೇ ಪೆಟ್ಟಿಗೆ, ಹೆಚ್ಚಾಗಿ ಯಾರಿಗೂ ಬೇಡದ ಹಿಟ್ ಸಿನಿಮಾಗಳು. ಬಂದ ದುಡ್ಡು ತೂಕಕ್ಕೆ ಹಾಕಿದ್ದರೆ ಬರುತ್ತಿದ್ದುದಕ್ಕಿಂತ ಎಷ್ಟೋ ಜಾಸ್ತಿ. ಕಾರಿನ ಮಾತು ಬಿಡಿ, ಅದರ ಒಂದು ಟೈರಿಗೆ ಸಾಲಬಹುದು. ಕ್ಯಾಸೆಟ್ ಕೊಂಡವರಲ್ಲಿ ಮೂವರು "ಆ ವಿಸಿಆರ್ ಕೊಡ್ತೀರಾ?" ಅಂತ ಕೇಳಿದ್ದಾರೆ. ಡಬ್ಬಾ ಆದರೂ ಪರವಾಗಿಲ್ಲವಂತೆ. ಪೆಟ್ಟಿಗೆ ಖಾಲಿಯಾಗೋವರೆಗೆ ಎರಡನ್ನೂ ಕೊಡಲ್ಲ ಅಂದಿದ್ದೇನೆ.