ವರ್ಷದ ಸರಾಸರಿ ತಿಂಗಳ ಸರಾಸರಿಗಳಿಗೆ ತಾಳೆಯಾಗದಿದ್ದಾಗ

ಧಾರವಾಡ, ಗದಗ ಮತ್ತು ಹಾವೇರಿಯಲ್ಲಿ ಇರಿಸಿದ್ದ ಮೂರು ವಾಯುಭಾರಮಾಪಕಗಳ ಒಂದು ವರ್ಷದ ದಾಖಲೆಯನ್ನು ನನ್ನ ಸಂಶೋಧನೆಗಾಗಿ ಕ್ರೋಡೀಕರಿಸುತ್ತಿದ್ದೆ. ನಿಮಿಷಕ್ಕೊಂದರಂತೆ ಕೇಂದ್ರವೊಂದಕ್ಕೆ 5,25,600 ಅಳತೆಗಳಿದ್ದವು. ಕೋಷ್ಟಕವನ್ನು ನೋಡಿದ ಮಾರ್ಗದರ್ಶಕರು ಹನ್ನೆರಡು ತಿಂಗಳ ಸರಾಸರಿಗಳನ್ನು ಆಯಾ ತಿಂಗಳ ದಿನಗಳಿಂದ ಗುಣಿಸಿ, ಕ್ಯಾಲ್ಕುಲೇಟರಿನಲ್ಲಿ ಕೂಡಿ ಭಾಗಿಸಿ, "ಇದು ನಿಮ್ಮ ವಾರ್ಷಿಕ ಅಂಕಿಗೆ ತಾಳೆಯಾಗುವುದಿಲ್ಲವಲ್ಲ" ಎಂದರು.

ನಾನು ಮೊದಲು ಮಾಪಕಗಳನ್ನೇ ಶಂಕಿಸಿ ಒಂದು ವಾರ ಕಳೆದೆ. ಆ ಓಡಾಟದಿಂದ ಏನೂ ಸಿಗಲಿಲ್ಲ. ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ: ಮೂರೂ ಕಾಲಂಗಳ ಸರಾಸರಿಯನ್ನು ಒಟ್ಟಿಗೆ ಕೇಳಿದರೆ ಧಾರವಾಡಕ್ಕೆ ಒಂದು ಉತ್ತರ, ಧಾರವಾಡದ ಕಾಲಂ ಒಂದನ್ನೇ ಬೇರ್ಪಡಿಸಿ ಕೇಳಿದರೆ ಇನ್ನೊಂದು ಉತ್ತರ ಬರುತ್ತಿತ್ತು. ಸಾಲುಗಳನ್ನು ಹಿಂದುಮುಂದಾಗಿಸಿದರೆ ಮೊದಲನೆಯ ಉತ್ತರ ಮತ್ತೆ ಬದಲಾಗುತ್ತಿತ್ತು. ಅಂಕಿಗಳ ಕ್ರಮ ಬದಲಾದರೆ ಸರಾಸರಿ ಹೀಗೆ ಬದಲಾಗಕೂಡದು.

ಕಡತದ ಗಾತ್ರ ಉಳಿಸಲೆಂದು ನಾನು ಅಳತೆಗಳನ್ನು ಫ್ಲೋಟ್32 ರೂಪದಲ್ಲಿ, ಅಂದರೆ ಸಂಖ್ಯೆಯೊಂದಕ್ಕೆ 32 ಬಿಟ್ ಜಾಗವನ್ನಷ್ಟೇ ಕೊಟ್ಟು ಸುಮಾರು ಏಳು ಅಂಕಿಗಳವರೆಗೆ ಮಾತ್ರ ನಿಖರವಾಗಿ ಉಳಿಸುವ ರೂಪದಲ್ಲಿ, ಇಟ್ಟಿದ್ದೆ. ಲೆಕ್ಕಕ್ಕೆ ನಾನು ಬಳಸಿದ, ಪೈಥಾನ್ ಭಾಷೆಯ ನಂಪೈ ಲೈಬ್ರರಿಯು ಸರಾಸರಿಯನ್ನು ಅದೇ ನಿಖರತೆಯಲ್ಲಿ ಲೆಕ್ಕ ಹಾಕುತ್ತದೆ. ಒಂದೇ ಕಾಲಂ ಇದ್ದಾಗ ಅದು ಸಂಖ್ಯೆಗಳನ್ನು ಗುಂಪುಗುಂಪಾಗಿ ಕೂಡಿ, ಆ ಮೊತ್ತಗಳನ್ನು ಮತ್ತೆ ಜೋಡಿಸುವುದರಿಂದ ತಪ್ಪು ಹೆಚ್ಚು ಬೆಳೆಯುವುದಿಲ್ಲ. ಆದರೆ ಸಾಲುಸಾಲಾಗಿ ಜೋಡಿಸಿಟ್ಟ ಹಲವು ಕಾಲಂಗಳನ್ನು ಮೇಲಿನಿಂದ ಕೆಳಗೆ ಕೂಡುವಾಗ ಬೆಳೆಯುತ್ತಿರುವ ಮೊತ್ತಕ್ಕೇ ಒಂದೊಂದಾಗಿ ಸೇರಿಸುತ್ತ ಹೋಗುತ್ತದೆ. ಫ್ಲೋಟ್32ರಲ್ಲಿ 1,67,77,216ಕ್ಕೆ 1 ಕೂಡಿದರೆ ಮತ್ತೆ 1,67,77,216 ಬರುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಲಾರಿ ತೂಗುವ ಕಾಟಾದ ಮೇಲೆ ಒಂದು ಹಿಡಿ ಕಾಯಿ ಹೆಚ್ಚಿಗೆ ಹಾಕಿದರೆ ಮುಳ್ಳು ಕದಲದಿರುವ ಹಾಗೆ.

ಧಾರವಾಡದ ಎತ್ತರದಲ್ಲಿ ವಾಯುಭಾರ 93,000 ಪ್ಯಾಸ್ಕಲ್ ಆಸುಪಾಸಿನಲ್ಲಿರುತ್ತದೆ. ಜನವರಿಯಿಂದ ಕೂಡುತ್ತ ಬಂದರೆ ಸೆಪ್ಟೆಂಬರ್ ಹೊತ್ತಿಗೆ ಮೊತ್ತ 3,435 ಕೋಟಿಯನ್ನು ದಾಟುತ್ತದೆ. ಅಲ್ಲಿಂದ ಮುಂದೆ ಫ್ಲೋಟ್32ಕ್ಕೆ ತಿಳಿಯುವ ಸಂಖ್ಯೆಗಳ ನಡುವಿನ ಅಂತರ 4,096; ಹೀಗಾಗಿ ನಾವು ಕೂಡಿಸುವ 93,000 ಅಲ್ಲಿ 94,208 ಆಗಿಬಿಡುತ್ತದೆ. ಪ್ರತಿ ನಿಮಿಷವೂ ಸರಿಯಾಗಿ 93,000 ಇದ್ದ ಕೃತಕ ದಾಖಲೆಯೊಂದನ್ನು ಮಾಡಿ ಪರೀಕ್ಷಿಸಿದಾಗ ವಾರ್ಷಿಕ ಸರಾಸರಿ ಸುಮಾರು 100 ಪ್ಯಾಸ್ಕಲ್ ಹೆಚ್ಚು ಬಂದಿತು. ಮಾಪಕವನ್ನು ಮೂರಂತಸ್ತಿನ ಕಟ್ಟಡದ ತಾರಸಿಯಿಂದ ನೆಲಕ್ಕೆ ಇಳಿಸಿದರೆ ಆಗುವಷ್ಟು ವ್ಯತ್ಯಾಸ ಅದು.

ಇದನ್ನು ದೋಷವೆನ್ನಬೇಕೋ ಬೇಡವೋ ಎಂಬ ಬಗ್ಗೆ ಸಹೋದ್ಯೋಗಿಗಳೊಂದಿಗೆ ವಾದವಾಯಿತು. ಫ್ಲೋಟ್32 ಬಳಸಿದರೆ ಫಲಿತಾಂಶ ತಪ್ಪಬಹುದೆಂದು ನಂಪೈ ಕೈಪಿಡಿ ಹೇಳಿಯೇ ಇದೆ. ಆದರೂ ಲೆಕ್ಕ ನಡೆಯುವಾಗ ಒಂದು ಎಚ್ಚರಿಕೆಯನ್ನೂ ಕೊಡದ ಲೈಬ್ರರಿಯನ್ನು ನಿರ್ದೋಷಿ ಎನ್ನಲು ನನಗೆ ಮನಸ್ಸಿಲ್ಲ.

ಪರಿಹಾರವೇನೋ ಒಂದು ಪದದ್ದು: ಸರಾಸರಿ ಕೇಳುವಾಗ ಫ್ಲೋಟ್64 (ಇಮ್ಮಡಿ ಬಿಟ್‌ಗಳ, ಹೆಚ್ಚು ನಿಖರವಾದ ರೂಪ) ಎಂದು ಸೂಚಿಸಿದೆ. ಆಮೇಲೆ, ನಡುವೆ ನಿಖರತೆ ಕಳೆಯದಂತೆ ಕೂಡುವ ಪೈಥಾನಿನ ಎಫ್‌ಸಮ್‌ನಿಂದ ಮೂರೂ ಕೇಂದ್ರಗಳ ಮೊತ್ತವನ್ನು ಮತ್ತೊಮ್ಮೆ ತಾಳೆ ನೋಡಿದೆ. ಹಿಂದಿನ ವರ್ಷದ ಉಷ್ಣಾಂಶದ ಕೋಷ್ಟಕಗಳನ್ನೂ ಹೊಸದಾಗಿ ಲೆಕ್ಕ ಹಾಕಿದಾಗ ಎರಡನೆಯ ದಶಮಾಂಶದವರೆಗೆ ಏನೂ ಬದಲಾಗಲಿಲ್ಲ. 25 ಡಿಗ್ರಿ ಆಸುಪಾಸಿನ ಅಂಕಿಗಳ ಮೊತ್ತ ವರ್ಷವಿಡೀ ಕೂಡಿದರೂ ಒಂದೂವರೆ ಕೋಟಿಯನ್ನು ಮುಟ್ಟುವುದಿಲ್ಲ. ಅಷ್ಟು ದಿನ ಈ ತಪ್ಪು ಯಾರ ಕಣ್ಣಿಗೂ ಬೀಳದಿದ್ದದ್ದು ಅದಕ್ಕೇ.